ಹುಝ್ನ್: ಒರಟು ನೆಲದ ಪದ

ಮರಣ ಸಂಭವಿಸಿದ ಮನೆಗೆ ಹೋದಾಗ, ದುಃಖಿಸುವುದು ಈಮಾನಿನ ದೌರ್ಬಲ್ಯವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳುವ ಮುನ್ನ ಅರಬಿಯ 'ಹುಝ್ನ್' ಎಂಬ ಪದದ ಚರಿತ್ರೆಯನ್ನು ತುಸು ಅವಲೋಕಿಸಬೇಕು. ಕನ್ನಡದಲ್ಲಿ ಇದನ್ನು ಸಾಮಾನ್ಯವಾಗಿ 'ದುಃಖ', 'ವ್ಯಥೆ' ಎನ್ನುತ್ತಾರೆ. ನಮಗೆ 'ದುಗುಡ'ವೇ ಹೆಚ್ಚು ಸಮೀಪವೆನಿಸುತ್ತದೆ. ಅದರಲ್ಲಿ ಗೋಳಾಟವಿಲ್ಲ, ಮೌನವಾದ ಚಿಂತನೆಯಿದೆ.

ಇದೇ ಧಾತುವಿನ 'ಹಝ್ನ್' ಎಂದರೆ ಒರಟಾದ, ಗಟ್ಟಿ ನೆಲ. ರಾಗಿಬ್ ಇಸ್ಫಹಾನಿಯವರು ತಮ್ಮ ಕುರ್‌ಆನ್ ಪದಕೋಶದಲ್ಲಿ ನೆಲದ ಒರಟುತನವನ್ನೂ ಮನಸ್ಸಿನ ಒರಟುತನವನ್ನೂ ಜೊತೆಯಾಗಿಯೇ ವಿವರಿಸಿದ್ದಾರೆ. ಬುಖಾರಿಯಲ್ಲಿ ಒಂದು ಸ್ವಾರಸ್ಯಕರ ಪ್ರಸಂಗವಿದೆ. ಹಝ್ನ್ ಎಂಬ ಹೆಸರಿನವರೊಬ್ಬರಿಗೆ ಪ್ರವಾದಿವರ್ಯರು(ಸ) 'ಸಹ್ಲ್', ಅಂದರೆ ಸಮತಟ್ಟಾದುದು, ಎಂಬ ಹೆಸರನ್ನು ಸೂಚಿಸಿದರು. ತಂದೆ ಇಟ್ಟ ಹೆಸರನ್ನು ಬದಲಿಸಲು ಅವರು ಒಪ್ಪಲಿಲ್ಲ. ಆ ಒರಟುತನ ನಮ್ಮ ಮನೆತನದಲ್ಲಿ ಉಳಿದೇ ಹೋಯಿತೆಂದು ಅವರ ಮೊಮ್ಮಗ, ಮದೀನಾದ ಪ್ರಖ್ಯಾತ ವಿದ್ವಾಂಸ ಸಈದ್ ಬಿನ್ ಮುಸಯ್ಯಬ್ ಹೇಳುತ್ತಿದ್ದರಂತೆ.

ಹುಝ್ನಿನ ಸ್ಥಾನದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. 728ರಲ್ಲಿ ನಿಧನರಾದ ಹಸನ್ ಬಸರಿಯವರನ್ನು ಕಂಡವರಿಗೆ, ಅವರು ಈಗಷ್ಟೇ ಯಾವುದೋ ವಿಪತ್ತಿಗೆ ಗುರಿಯಾಗಿದ್ದಾರೆ ಎನಿಸುತ್ತಿತ್ತು. ಅದು ಪರಲೋಕದ ಚಿಂತೆ. ಇಮಾಮ್ ಕುಶೈರಿಯವರು ತಮ್ಮ 'ರಿಸಾಲಾ'ದಲ್ಲಿ ಹುಝ್ನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಆದರೆ 14ನೆಯ ಶತಮಾನದ ಇಬ್ನುಲ್ ಖಯ್ಯಿಮ್ ಆಕ್ಷೇಪಿಸಿದರು: ದುಃಖಿಸಿರೆಂದು ಕುರ್‌ಆನ್ ಎಲ್ಲಿಯೂ ಆಜ್ಞಾಪಿಸಿಲ್ಲ, ಆದ್ದರಿಂದ ಅದು ಬಯಸಿ ಏರಬೇಕಾದ ಪದವಿಯಲ್ಲ. ಈ ಮಾತು ನಮಗೆ ಸರಿಯೆನಿಸುತ್ತದೆ. ಆದರೆ ತಾನಾಗಿಯೇ ಬಂದ ದುಗುಡವನ್ನು ಅಪರಾಧವೆನ್ನಲು ಅದು ಆಧಾರವಾಗದು.

ಯಾಕೂಬ್(ಅ)ರು ಮಗನಿಗಾಗಿ ಕೊರಗಿ ಕಣ್ಣಿನ ದೃಷ್ಟಿಯನ್ನೇ ಕಳಕೊಂಡರು. ಆ ಹುಝ್ನನ್ನು ಅವರು ಅಲ್ಲಾಹನಲ್ಲಿ ಮಾತ್ರ ತೋಡಿಕೊಂಡರೆಂದು ಯೂಸುಫ್ ಅಧ್ಯಾಯ ತಿಳಿಸುತ್ತದೆ. ಖದೀಜಾ(ರ) ಮತ್ತು ಅಬೂತಾಲಿಬ್ ಇಬ್ಬರೂ ಅಗಲಿದ, ಸುಮಾರು 619ರ ವರ್ಷವನ್ನು ಚರಿತ್ರೆಕಾರರು 'ಆಮುಲ್ ಹುಝ್ನ್', ದುಃಖದ ವರ್ಷ, ಎಂದೇ ಕರೆದರು.

ಮುಂದೆ ಮದೀನಾದಲ್ಲಿ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುತ್ತಿದ್ದಾಗ ಅವರ ಕಣ್ಣುಗಳು ತುಂಬಿ ಹರಿದವು. ತಾವೂ ಅಳುವುದೇ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಯಿಂದ ಕೇಳಿದರು. ಇದು ಕಾರುಣ್ಯವೆಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಕಣ್ಣು ಹನಿಗೂಡುತ್ತದೆ, ಹೃದಯ ದುಃಖಿಸುತ್ತದೆ, ಆದರೆ ನಾಲಗೆ ಪ್ರಭುವಿಗೆ ಮೆಚ್ಚುಗೆಯಾದುದನ್ನಷ್ಟೇ ನುಡಿಯುತ್ತದೆ ಎಂದರು. ಹೃದಯದ ಬಗ್ಗೆ ಹೇಳುವಾಗ ಅವರು ಬಳಸಿದ್ದು ಇದೇ ಹುಝ್ನಿನ ಕ್ರಿಯಾಪದವನ್ನು.