ಬರದ ಪದ, ಹಾಡುಗಾರ್ತಿಯರ ನೆನಪು

1876–78ರ ಧಾತು-ಈಶ್ವರ ಬರದ ಭೀಕರತೆಗೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಉಳಿದವರು ಹೇಗೆ ಉಳಿದರೆಂಬುದನ್ನು ಗಣತಿ ಹೇಳದು. ಅದಕ್ಕೆ ಬೀಸುವ ಪದ, ಲಾವಣಿಗಳಿಗೇ ಕಿವಿಗೊಡಬೇಕು. ಚನ್ನಗಿರಿ ಸೀಮೆಗೆ ಸೂಳೆಕೆರೆಯ ಆಸರೆ, ಹೊನ್ನಾಳಿಗೆ ತುಂಗಭದ್ರೆ. ಜಗಳೂರಿಗೆ ಮಳೆಯೇ ಗತಿ. ಆದ್ದರಿಂದ ಬಯಲುಸೀಮೆಯ ಮಳೆರಾಯನ ಪದವನ್ನು ಬರಿಯ ಆಚರಣೆಯೆಂದು ಬಗೆಯುವುದು ಸರಿಯಲ್ಲ, ಅದು ಹೊಟ್ಟೆಯ ಮೊರೆ. ಸಂತ ಸೇವಾಲಾಲರ ಜನ್ಮಸ್ಥಳವೆನ್ನುವ ನ್ಯಾಮತಿಯ ಸೂರಗೊಂಡನಕೊಪ್ಪದಲ್ಲಿ ಉಳಿವಿನ ಹಾಡಿನ ನುಡಿಯೇ ಬೇರೆ. ಎತ್ತಿನ ಹೇರಿನ ವ್ಯಾಪಾರವನ್ನು ರೈಲು ಕಸಿದ ಮೇಲೂ ಲಂಬಾಣಿ ಹೆಂಗಸರು ಹಾಡು ಬಿಡಲಿಲ್ಲ. ನಮ್ಮ ಸಂಗ್ರಹಕಾರರು ಪದವನ್ನು ಅಚ್ಚಿಗಿಳಿಸಿ ಹಾಡಿದಾಕೆಯ ಹೆಸರನ್ನು ಕೈಬಿಟ್ಟದ್ದುಂಟು; ಸಾಕ್ಷ್ಯ ಸಿಕ್ಕಿತು, ಸಾಕ್ಷಿ ಕಾಣೆಯಾದಳು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಹಾಡು ಸೋಬಾನೆಯ ಹಸೆಗೆ ಸರಿಯಿತು. ಹಸಿವಿನ ಪದಕ್ಕೆ ಅಲ್ಲಿ ಜಾಗ ಕಡಿಮೆ.