ಹೆಬ್ಬಾಳದ ಮೂವತ್ತು ಎಕರೆ



ಇವತ್ತು ಬಿತ್ತನೆಯ ಮಾತಲ್ಲ, ಗೊಬ್ಬರದ ಮಾತೂ ಅಲ್ಲ. ನಾವು ಬಿತ್ತುವ ಬೀಜ, ಹೊಡೆಯುವ ಔಷಧಿ ಇವೆಲ್ಲ ಎಲ್ಲಿಂದ ಬಂದವು, ಯಾರ ಶ್ರಮದಿಂದ ಬಂದವು ಎಂಬ ಹಳೆಯ ಸಂಗತಿಯನ್ನು ಹೇಳೋಣವೆಂದಿದ್ದೇನೆ. ಒಂದು ಬಡ ನಾಡು ತನಗೆ ಬೇಕಾದ ವಿಜ್ಞಾನವನ್ನು ತಾನೇ ಬೆಳೆಸಿಕೊಳ್ಳುವುದು ಹೇಗೆ, ಅದರಲ್ಲಿ ರೈತನ ಪಾಲೆಷ್ಟು ಎಂಬುದು ಇದರಿಂದ ತಿಳಿದುಬರುತ್ತದೆ.

ಧಾತು ಈಶ್ವರ ಸಂವತ್ಸರದ ಬರ ಎಂಬ ಮಾತನ್ನು ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಹಿಂಡಿಹಾಕಿದ ಬರವದು. ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಹಸಿವಿಗೂ ರೋಗಕ್ಕೂ ತುತ್ತಾದರು. ಆಗ ನಮ್ಮವರಿಗೆ ಬೇಸಾಯ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಮಳೆ ನಕ್ಷತ್ರ ಗೊತ್ತಿತ್ತು, ಮಣ್ಣಿನ ಗುಣ ಗೊತ್ತಿತ್ತು. ಆದರೆ ಒಂದೂರಿನವನು ಕಂಡುಕೊಂಡದ್ದು ಇನ್ನೊಂದೂರಿಗೆ ಮುಟ್ಟುತ್ತಿರಲಿಲ್ಲ. ಮಳೆ ಕೈಕೊಟ್ಟರೆ ಯಾವ ಬೀಜ ತಡೆದೀತು, ಯಾವ ಮಣ್ಣಿಗೆ ಏನು ಕೊರತೆ ಎಂದು ಪರೀಕ್ಷೆ ಮಾಡಿ, ಬರೆದಿಟ್ಟು, ನಾಲ್ಕು ಜನಕ್ಕೆ ಹೇಳುವ ಸ್ಥಳ ಒಂದೂ ಇರಲಿಲ್ಲ. ಬರದ ನಂತರ ವಿಚಾರಣೆ ನಡೆಸಿದ ಕ್ಷಾಮ ಆಯೋಗ ೧೮೮೦ರಲ್ಲಿ, ಪ್ರಾಂತ ಪ್ರಾಂತಕ್ಕೂ ವ್ಯವಸಾಯ ಇಲಾಖೆ ಬೇಕು ಎಂದು ಸಲಹೆ ಮಾಡಿತು.

ಮೈಸೂರಿನಲ್ಲಿ ಆ ಕೆಲಸಕ್ಕೆ ನೆಲ ಸಿಕ್ಕಿದ್ದು ೧೮೯೯ರಲ್ಲಿ. ಆಗ ರಾಜಪ್ರತಿನಿಧಿಯಾಗಿ ಆಡಳಿತ ನೋಡುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹತ್ತಿರದ ಹೆಬ್ಬಾಳದಲ್ಲಿ ೩೦ ಎಕರೆ ಜಮೀನನ್ನು ಬೇಸಾಯದ ಪ್ರಯೋಗಕ್ಕೆಂದು ಕೊಟ್ಟರು. ಖರ್ಚಿಗೆ ಮೊದಲು ಮಂಜೂರಾದ ಹಣ ೨೦,೯೦೦ ರೂಪಾಯಿ. ಡಾ. ಲೇಮನ್ ಎಂಬ ರಸಾಯನ ವಿಜ್ಞಾನಿಗಳು ಮಣ್ಣಿನ ಪರೀಕ್ಷೆಯ ಕೆಲಸಕ್ಕೆ ಕೈಹಾಕಿದರು. ಮೂವತ್ತು ಎಕರೆ ಎಂದರೆ ಏನು ಮಹಾ, ನಮ್ಮೂರ ಪಟೇಲರಿಗೂ ಅಷ್ಟಿತ್ತು ಎನ್ನಬಹುದು ನೀವು. ನಿಜ. ಆದರೆ ಆ ನೆಲದಲ್ಲಿ ಬೆಳೆ ಸೋತರೂ ಲಾಭವೇ. ಯಾಕೆ ಸೋತಿತು ಎಂಬುದು ತಿಳಿಯುತ್ತಿತ್ತು. ಹೊಟ್ಟೆಪಾಡಿನ ಹೊಲದಲ್ಲಿ ರೈತನಿಗೆ ಸೋತು ಕಲಿಯುವ ಅನುಕೂಲವಿಲ್ಲ. ಆ ನಷ್ಟವನ್ನು ಅವನ ಪರವಾಗಿ ಸರ್ಕಾರ ಹೊರಬೇಕು. ಪ್ರಯೋಗ ಕ್ಷೇತ್ರವೆಂದರೆ ಇಷ್ಟೇ.

ಈಗ ಮಲೆನಾಡಿಗೆ ಬನ್ನಿ. ಮಳೆಗಾಲದಲ್ಲಿ ಎಳೆಯಡಿಕೆ ಕೊಳೆತು ಬುಡಕ್ಕೆ ಉದುರುವ ಕೊಳೆರೋಗ ಅಲ್ಲಿನವರಿಗೆ ಹಳೆಯ ಶತ್ರು. ಕೆಲವು ಕಡೆ ಅದನ್ನು ಮಹಾಳಿ ಎನ್ನುತ್ತಾರೆ. ಹಿಂದಿನ ತೋಟಿಗರೇನೂ ಕೈಕಟ್ಟಿ ಕೂತಿರಲಿಲ್ಲ. ಮಳೆನೀರು ಗೊನೆಗೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ನೀರು ತಾಗದ ಗೊನೆ ಕೊಳೆಯುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಆದರೆ ಜಾರುವ ಮರ ಹತ್ತಿ ಗೊನೆಗೊನೆಗೂ ಕೊಟ್ಟೆ ಕಟ್ಟುವುದು ಎಲ್ಲರ ಕೈಲಾಗುವ ಕೆಲಸವೇ?

೧೯೦೮ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಬೆಳೆಗಳಿಗೆ ತಗಲುವ ರೋಗ ಮತ್ತು ಕೀಟಗಳನ್ನು ನೋಡುವುದು ಅವರ ಉದ್ಯೋಗ. ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ, ಇದು ಕಣ್ಣಿಗೆ ಕಾಣದ ಒಂದು ರೋಗಾಣುವಿನ ಕೆಲಸ, ತೇವದಲ್ಲಿ ಬೆಳೆದು ಮಳೆಗಾಳಿಯಲ್ಲಿ ಹರಡುತ್ತದೆ ಎಂದು ೧೯೧೦ರಲ್ಲಿ ಬರೆದು ಪ್ರಕಟಿಸಿದರು. ಕೊಟ್ಟೆ ಕಟ್ಟಿದ ಹಿರಿಯರು ಕಂಡದ್ದು ಸರಿಯಾಗಿಯೇ ಇತ್ತು. ವಿಜ್ಞಾನ ಅದಕ್ಕೆ ಕಾರಣ ತೋರಿಸಿತು, ಜೊತೆಗೆ ಸುಲಭದ ದಾರಿಯನ್ನೂ ತೋರಿಸಿತು. ಆ ದಾರಿಯೇ ಬೋರ್ಡೋ ದ್ರಾವಣ.

ಈ ದ್ರಾವಣದ ಹುಟ್ಟೂ ಕೇಳುವಂಥದ್ದು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕೀಳದಿರಲೆಂದು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಬೂಜುರೋಗ ಬಂದಾಗ ತೋಟದೊಳಗಿನ ಬಳ್ಳಿಗಳು ಎಲೆ ಉದುರಿಸಿದವು, ದಾರಿ ಬದಿಯವು ಹಸಿರಾಗಿಯೇ ಉಳಿದವು. ೧೮೮೨ರಲ್ಲಿ ಇದನ್ನು ಗಮನಿಸಿದ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಪ್ರಯೋಗ ಮಾಡಿ, ೧೮೮೫ರಲ್ಲಿ ಲೋಕಕ್ಕೆ ತಿಳಿಸಿದರು. ನೋಡಿ, ಅಲ್ಲಿಯೂ ಮೊದಲ ಹೆಜ್ಜೆ ಬೆಳೆಗಾರನದೇ. ಕಂಡವನಿಗೆ ಕಾರಣ ಗೊತ್ತಿರಲಿಲ್ಲ, ಕಾರಣ ಬಲ್ಲವನು ಬಂದು ಕಂಡ ಮೇಲೆ ಅದು ಔಷಧಿಯಾಯಿತು.

ಹಾಗಂತ ಫ್ರಾನ್ಸಿನ ಔಷಧಿಯನ್ನು ತಂದು ತೀರ್ಥಹಳ್ಳಿಯಲ್ಲಿ ಸುರಿದರೆ ಸಾಕಾಗಲಿಲ್ಲ. ಅಲ್ಲಿನ ಜಿಟಿಜಿಟಿ ಮಳೆಯೆಲ್ಲಿ, ನಮ್ಮ ಆಷಾಢದ ಮಳೆಯೆಲ್ಲಿ! ತೊಳೆದುಹೋಗದಂತೆ ಅದಕ್ಕೆ ಅಂಟು ಬೆರೆಸಬೇಕಾಯಿತು. ಎತ್ತರದ ಮರಕ್ಕೆ ಹೊಡೆಯುವುದನ್ನು ಕೊನೆಗೌಡರಿಗೆ ಕಲಿಸಬೇಕಾಯಿತು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಎಂಬ ಲೆಕ್ಕ ನಮ್ಮ ಮಳೆಗಾಲಕ್ಕೆ ಹೊಂದಿದ ಲೆಕ್ಕ. ಎರವಲು ವಿದ್ಯೆಯನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಳ್ಳುವ ಕೆಲಸವನ್ನು ಹೊರಗಿನವರು ಮಾಡಿಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಒಂದು ಕೆಲಸದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ. ಹದ ಬಂದಿದೆಯೋ ಇಲ್ಲವೋ ನೋಡಲು ಹೊಳೆಯುವ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಮುಳುಗಿಸಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಇದು ಪ್ರಯೋಗಶಾಲೆಯ ಪರೀಕ್ಷೆಯೇ, ಆದರೆ ನಿಮ್ಮ ಅಂಗಳದಲ್ಲಿ ನಡೆಯುವಂಥದ್ದು.

ಕೋಲ್‌ಮನ್ ಅವರು ಮುಂದೆ ಮೈಸೂರಿನ ವ್ಯವಸಾಯ ಇಲಾಖೆಯ ನಿರ್ದೇಶಕರಾದರು. ೧೯೧೩ರಲ್ಲಿ ಹೆಬ್ಬಾಳದಲ್ಲಿ ಬೇಸಾಯದ ಶಾಲೆ ಬಂತು. ಕಂಡುಹಿಡಿಯುವುದರ ಜೊತೆಗೆ ಕಲಿಸುವುದೂ ಶುರುವಾಯಿತು. ಅದೇ ಶಾಲೆ ೧೯೪೬ರಲ್ಲಿ ಕಾಲೇಜಾಯಿತು.

ಇನ್ನು ರಾಗಿ. ರೈತರ ಹೊಲಗಳಲ್ಲಿ ಬೆರೆತು ಬೆಳೆಯುತ್ತಿದ್ದ ರಾಗಿಯಿಂದ ಒಳ್ಳೆಯ ತೆನೆಗಳನ್ನು ಆರಿಸಿ, ಬೇರೆ ಬೇರೆ ಬಿತ್ತಿ, ಮತ್ತೆ ಮತ್ತೆ ಸೋಸಿ ೧೯೧೮ರಲ್ಲಿ ಎಚ್-೨೨ ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಆರಿಸುವ ಈ ಕೆಲಸವನ್ನು ನಮ್ಮ ಹೆಣ್ಣುಮಕ್ಕಳು ಬೀಜದ ತೆನೆ ತೆಗೆದಿಡುವಾಗ ತಲೆತಲಾಂತರದಿಂದ ಮಾಡಿದ್ದಾರೆ. ಆದರೆ ಎರಡು ತಳಿಗಳನ್ನು ಕೂಡಿಸಿ ಹೊಸದನ್ನು ಪಡೆಯುವುದು ರಾಗಿಯಲ್ಲಿ ಬಲು ಕಷ್ಟ. ಹೂವು ತೀರ ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುತ್ತದೆ.

ಆ ಕಷ್ಟದ ಕೆಲಸವನ್ನು ಹಿಡಿದು ಕೂತವರು ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ಲಕ್ಷ್ಮಣಯ್ಯನವರು. ಅರುಣ, ಉದಯ, ಪೂರ್ಣ, ಕಾವೇರಿ, ಶಕ್ತಿ ಎಂಬ ಹೆಸರುಗಳು ಹಳಬರಿಗೆ ನೆನಪಿರಬೇಕು, ಅವು ಅವರ ತಳಿಗಳು. ರಾಗಿಯ ತವರು ಆಫ್ರಿಕಾ ಖಂಡ. ಅಲ್ಲಿನ ದಪ್ಪ ತೆನೆಯ, ಗಟ್ಟಿ ದಂಟಿನ ರಾಗಿಯನ್ನು ನಮ್ಮ ನಾಟಿ ರಾಗಿಯೊಡನೆ ಅವರು ಕೂಡಿಸಿದರು. ಇಂಡಿಯಾದ ಹೆಸರೂ ಆಫ್ರಿಕಾದ ಹೆಸರೂ ಸೇರಿ 'ಇಂಡಾಫ್' ಆಯಿತು. ಮಳೆ ಹೊತ್ತಿಗೆ ಬಂದ ವರ್ಷಕ್ಕೆ ದೀರ್ಘಾವಧಿಯ ಇಂಡಾಫ್-೮, ತಡವಾದ ವರ್ಷಕ್ಕೆ ಅಲ್ಪಾವಧಿಯ ಇಂಡಾಫ್-೯ ಎಂದು ರೈತ ಆರಿಸಿಕೊಳ್ಳುವಂತಾಯಿತು. ಗೋಧಿ, ಭತ್ತಕ್ಕೆ ಹೊರದೇಶಗಳ ದೊಡ್ಡ ಸಂಸ್ಥೆಗಳ ನೆರವಿತ್ತು. ಮುದ್ದೆ ಉಣ್ಣುವವರ ರಾಗಿಗೆ ನಮ್ಮವರೇ ದುಡಿಯಬೇಕಾಗಿತ್ತು, ದುಡಿದರು.

ಅಲ್ಲಿಗೆ ಮುಗಿಯಿತೇ? ಇಲ್ಲ. ಬೆಂಕಿರೋಗ ಹೊಸ ತಳಿಗಳನ್ನೂ ಬಿಡಲಿಲ್ಲ. ಇಂಡಾಫ್ ತಳಿಗಳನ್ನೇ ಬಳಸಿಕೊಂಡು, ರೋಗ ತಡೆಯುವ ಗುಣ ಸೇರಿಸಿ, ೧೯೯೦ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಜಿಪಿಯು-೨೮ ತಳಿಯನ್ನು ತಂದರು. ಒಬ್ಬರು ನಿಲ್ಲಿಸಿದ ಕಡೆಯಿಂದ ಇನ್ನೊಬ್ಬರು ಹಿಡಿದರು. ಈ ಸರಪಳಿ ಕಡಿಯದಂತೆ ನೋಡಿಕೊಳ್ಳಲೆಂದೇ ೧೯೬೪ರಲ್ಲಿ ಬೆಂಗಳೂರಿನಲ್ಲೂ ೧೯೮೬ರಲ್ಲಿ ಧಾರವಾಡದಲ್ಲೂ ಕೃಷಿ ವಿಶ್ವವಿದ್ಯಾನಿಲಯಗಳು ಆದವು. ಸಂಶೋಧನೆ, ಬೋಧನೆ, ವಿಸ್ತರಣೆ, ಈ ಮೂರೂ ಒಂದೇ ಸೂರಿನಡಿ ಬಂದವು. ೧೯೭೪ರಲ್ಲಿ ಪುದುಚೇರಿಯಲ್ಲಿ ಮೊದಲ ಕೃಷಿ ವಿಜ್ಞಾನ ಕೇಂದ್ರ ತೆರೆಯಿತು, ಈಗ ದೇಶದಲ್ಲಿ ಅಂಥವು ಏಳು ನೂರಕ್ಕೂ ಹೆಚ್ಚಿವೆ.

ಇಷ್ಟೆಲ್ಲ ಈಗ ಯಾಕೆ ಹೇಳಿದೆ ಎಂದರೆ, ಕೋಲ್‌ಮನ್ನರ ಕಾಲದ ಪ್ರಶ್ನೆ ಮತ್ತೆ ತೋಟದ ಬಾಗಿಲಲ್ಲಿ ನಿಂತಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಮಲೆನಾಡಿನ ಅಡಿಕೆಯನ್ನು ಒಣಗಿಸುತ್ತಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟ ತಿನ್ನುತ್ತಿದೆ, ಅದನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಬರಬೇಕಾದರೆ ಮತ್ತೆ ಅದೇ ದಾರಿ: ನೆಲ ಬೇಕು, ನೋಡುವ ಕಣ್ಣು ಬೇಕು, ವರ್ಷಗಟ್ಟಲೆ ಖರ್ಚು ಹೊರುವ ಸರ್ಕಾರ ಬೇಕು. ಒಂದು ತಳಿ ಸಿದ್ಧವಾಗಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಸಂಶೋಧನೆಗೆ ಹಾಕಿದ ಹಣ ತೆಂಗಿನ ಸಸಿ ನೆಟ್ಟ ಹಾಗೆ. ನಾಳೆಯೇ ಕಾಯಿ ಕೊಡಲಿಲ್ಲವೆಂದು ನೀರು ನಿಲ್ಲಿಸಿದರೆ ನಷ್ಟ ಯಾರಿಗೆ?

ನಿಮ್ಮ ಪಾಲೂ ಇದೆ. ವಿಜ್ಞಾನಿ ನಿಮ್ಮ ಹೊಲವನ್ನು ದಿನವೂ ನೋಡಲಾರ, ನೀವು ನೋಡುತ್ತೀರಿ. ಎಲೆಯಲ್ಲಿ ಹೊಸ ಚುಕ್ಕೆ ಕಂಡರೆ ಕಿತ್ತು ಕಾಗದದಲ್ಲಿ ಸುತ್ತಿ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತನ್ನಿ. ಬಿತ್ತಿದ ದಿನ, ಮಳೆ ಬಂದ ದಿನ, ರೋಗ ಕಂಡ ದಿನ ಇವನ್ನು ಮಕ್ಕಳ ಹಳೆಯ ನೋಟ್ ಪುಸ್ತಕದಲ್ಲಾದರೂ ಬರೆದಿಡಿ. ಹೊಸ ತಳಿ ಬಂದರೆ ಇಡೀ ಹೊಲಕ್ಕೆ ಹಾಕಬೇಡಿ, ನಾಲ್ಕು ಸಾಲು ಹಾಕಿ ಹಳೆಯದರ ಪಕ್ಕದಲ್ಲೇ ತೂಗಿ ನೋಡಿ. ತಾಯಂದಿರೇ, ಮುದ್ದೆ ಮೆತ್ತಗಾಗುತ್ತದೆಯೇ, ಹಿಟ್ಟು ಒದಗುತ್ತದೆಯೇ, ಹುಲ್ಲನ್ನು ದನ ತಿನ್ನುತ್ತದೆಯೇ ಎಂದು ನೀವು ಹೇಳದಿದ್ದರೆ ಪ್ರಯೋಗಶಾಲೆಗೆ ತಿಳಿಯುವ ಬಗೆಯಿಲ್ಲ. ಡಿಪ್ಲೊಮಾ ಓದಿ ಹಳ್ಳಿ ತಿರುಗುವ ನನ್ನಂಥವರು ನಡುವಿನ ಕಾಲುವೆ ಇದ್ದಂತೆ. ಅಲ್ಲಿನ ಮಾತು ಇಲ್ಲಿಗೆ ತರುವಷ್ಟೇ, ಇಲ್ಲಿನ ಮಾತನ್ನು ಅಲ್ಲಿಗೆ ಒಯ್ಯುವುದೂ ನಮ್ಮ ಕೆಲಸ. ಬಂದಾಗ ಕೂರಿಸಿ ಕೇಳಿ, ಉತ್ತರ ಬರುವತನಕ ಬಿಡಬೇಡಿ.

ಹೆಬ್ಬಾಳದ ಆ ಮೂವತ್ತು ಎಕರೆ ಮೊದಲ ಕಂತು. ಮಿಕ್ಕ ನೆಲ ನಿಮ್ಮದು.