ಅರಿಶಿನ ಕುಂಕುಮದ ದುಡ್ಡು

ಮೂರು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ನಾನು ಅಕ್ಕನಿಗೆ ದುಡ್ಡು ಕಳಿಸಲಿಲ್ಲ, ಗಿಫ್ಟ್ ಕಾರ್ಡ್ ಕಳಿಸಿದೆ. ಪ್ರತಿ ವರ್ಷ ಅವಳ ಖಾತೆಗೆ ಎರಡು ಸಾವಿರ ಹಾಕಿ, "ಹಾಕಿದೀನಿ ಅಕ್ಕ, ನೋಡ್ಕೋ" ಅಂತ ಫೋನ್ ಮಾಡಿ ಮುಗಿಸುವುದು ನನಗೇ ಒಂಥರಾ ಅನ್ನಿಸತೊಡಗಿತ್ತು. ಕರೆಂಟ್ ಬಿಲ್ ಕಟ್ಟಿದ ಹಾಗೆ. ಕಾರ್ಡು ದೊಡ್ಡ ಸೀರೆ ಅಂಗಡಿಯದು, ಮೇಲೆ ಗಣಪತಿ ಚಿತ್ರ, ಹೊಳೆಯುವ ಲಕೋಟೆ. ಈ ಸಲವಾದರೂ ಮನಸ್ಸಿಟ್ಟು ಏನೋ ಕೊಟ್ಟೆ ಅಂತ ಖುಷಿಪಟ್ಟೆ.

ಆ ಕಾರ್ಡಿನ ಗತಿ ಏನಾಯಿತು ಅಂತ ಆಮೇಲೆ ಹೇಳುತ್ತೇನೆ. ದುಡ್ಡನ್ನು ದುಡ್ಡಿನ ಹಾಗೆ ಕಾಣದಂತೆ ಕೊಡುವುದು ಹೇಗೆ ಅನ್ನುವ ಪೇಚಾಟ ನನಗೊಬ್ಬನಿಗೇ ಬಂದದ್ದಲ್ಲ. ಅದಕ್ಕೊಂದು ಇತಿಹಾಸವೇ ಇದೆ.

ಮೊದಲು ನಮ್ಮ ಮನೆಯ ಇತಿಹಾಸ. ಅಪ್ಪ ಪ್ರತಿ ಭಾದ್ರಪದದಲ್ಲೂ ನಮ್ಮ ಸೋದರತ್ತೆಗೆ ಮನಿಯಾರ್ಡರ್ ಮಾಡುತ್ತಿದ್ದರು. ಗೌರಿ ಹಬ್ಬಕ್ಕೆ ತವರಿನಿಂದ ಅರಿಶಿನ ಕುಂಕುಮಕ್ಕೆ ದುಡ್ಡು ಹೋಗಬೇಕು, ಅದು ನಮ್ಮ ಕಡೆಯ ಪದ್ಧತಿ. ಮಂಗಳದ್ರವ್ಯ ಅಂತಲೂ ಅನ್ನುತ್ತಾರೆ. ಐವತ್ತೊಂದು ರೂಪಾಯಿ. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗಲೇ ಅಂಚೆ ಕಚೇರಿಗೆ ಹೋಗಿ ಫಾರಂ ತರುವುದು, ಅದನ್ನು ತುಂಬುವುದು ನನ್ನ ಕೆಲಸ.

ಭಾರತದಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ಶುರು ಮಾಡಿದ್ದು 1880ರಲ್ಲಿ. ಫಾರಮ್ಮಿನ ಕೆಳಗೆ ಸಮಾಚಾರ ಬರೆಯಲು ಒಂದು ತುಂಡು ಜಾಗ ಬಿಟ್ಟಿರುತ್ತಿದ್ದರು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿಕೊಟ್ಟು, ಸಹಿ ಹಾಕಿಸಿಕೊಂಡು, ಆ ತುಂಡನ್ನು ಹರಿದು ಕೈಗೆ ಕೊಟ್ಟು ಹೋಗುತ್ತಿದ್ದ. ಅಪ್ಪ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ: ಆಶೀರ್ವಾದಗಳು. ಹಬ್ಬದ ಅರಿಶಿನ ಕುಂಕುಮಕ್ಕೆ ಕಳಿಸಿದ್ದೇನೆ. ಇತ್ತ ಮಳೆ ಪರವಾಗಿಲ್ಲ. ಎಮ್ಮೆ ಕರು ಹಾಕಿದೆ. ಜಾಗ ಮುಗಿದರೆ ಅಂಚಿನಲ್ಲಿ ಅಡ್ಡಡ್ಡ ಬರೆಸುತ್ತಿದ್ದರು.

ಆ ಐವತ್ತೊಂದು ರೂಪಾಯಿ ಅತ್ತೆಯ ಮನೆಯಲ್ಲಿ ಬೇರೆ ದುಡ್ಡಿನ ಜೊತೆ ಬೆರೆಯುತ್ತಿರಲಿಲ್ಲ. ಬಳೆ, ರವಿಕೆ ಕಣ, ಹೂವು, ಅಷ್ಟಕ್ಕೇ. ಒಂದು ವರ್ಷ ಮಾವ ಗೊಬ್ಬರಕ್ಕೆ ಅಂತ ಅದನ್ನು ತೆಗೆದುಕೊಂಡರಂತೆ. ಸುಗ್ಗಿ ಆದ ಮೇಲೆ ಅತ್ತೆ ಅಷ್ಟೂ ವಾಪಸ್ ಇಸಕೊಂಡು ಬಳೆ ತೊಟ್ಟರು. "ಅದು ಮನೆ ದುಡ್ಡಲ್ಲ ಕಣೋ, ತವರಿನ ದುಡ್ಡು" ಅಂತ ನನಗೇ ಹೇಳಿದ್ದರು.

ಅತ್ತೆ ಹೇಳಿದ ಈ ಮಾತನ್ನೇ ವಿವಿಯಾನಾ ಜೆಲೈಜರ್ ಅನ್ನುವ ಸಮಾಜಶಾಸ್ತ್ರಜ್ಞೆ 1994ರಲ್ಲಿ ಒಂದು ಪುಸ್ತಕವಾಗಿ ಬರೆದರು, 'ದಿ ಸೋಷಿಯಲ್ ಮೀನಿಂಗ್ ಆಫ್ ಮನಿ'. ಎಲ್ಲ ದುಡ್ಡೂ ಒಂದೇ ಅಂತ ಅರ್ಥಶಾಸ್ತ್ರ ಹೇಳಬಹುದು, ಆದರೆ ಜನ ಹಾಗೆ ನಡೆದುಕೊಳ್ಳುವುದಿಲ್ಲ, ಇದು ಬಾಡಿಗೆಗೆ, ಇದು ಹಬ್ಬಕ್ಕೆ ಅಂತ ಗುರುತು ಹಾಕಿಯೇ ಇಟ್ಟುಕೊಳ್ಳುತ್ತಾರೆ ಅನ್ನುವುದು ಅವರ ವಾದ. ಅವರು ನೋಡಿದ್ದು ಸುಮಾರು 1870ರಿಂದ 1930ರವರೆಗಿನ ಅಮೆರಿಕವನ್ನು. ಕ್ರಿಸ್‌ಮಸ್‌ಗೆ ದುಡ್ಡು ಕೊಡುವುದು ಅಲ್ಲಿ ರೂಢಿಗೆ ಬರುತ್ತಿದ್ದ ಕಾಲ ಅದು. ಬರೀ ನೋಟು ಕೊಟ್ಟರೆ ಸಂಬಳವೋ ಭಿಕ್ಷೆಯೋ ಅನ್ನಿಸೀತು ಅನ್ನುವ ಭಯ ಅವರಿಗೂ ಇತ್ತು. ದುಡ್ಡಿಗೆ ಹೇಗೆ ಅಲಂಕಾರ ಮಾಡಿ ಕೊಡಬೇಕು ಅಂತ ಹೆಂಗಸರ ಪತ್ರಿಕೆಗಳು ಉಪಾಯ ಹೇಳಿಕೊಡುತ್ತಿದ್ದವು. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ತನ್ನ ಮನಿಯಾರ್ಡರನ್ನೇ ಒಳ್ಳೆಯ ಕ್ರಿಸ್‌ಮಸ್ ಉಡುಗೊರೆ ಅಂತ ಜಾಹೀರಾತು ಮಾಡಿತು. ಅಂಗಡಿಗಳು ಗಿಫ್ಟ್ ಸರ್ಟಿಫಿಕೇಟ್ ಮಾರತೊಡಗಿದವು.

ನಮ್ಮಲ್ಲಿ ಮದುವೆಯ ಮುಯ್ಯಿಯೂ ದುಡ್ಡೇ ತಾನೇ? ಅದಕ್ಕೆ ಗುರುತು ಹಾಕುವ ರೀತಿ ಬೇರೆ. ನೂರಕ್ಕೆ ಒಂದು ರೂಪಾಯಿ ಸೇರಿಸುತ್ತೇವೆ, ಲೆಕ್ಕ ಸೊನ್ನೆಗೆ ನಿಲ್ಲಬಾರದು ಅಂತ. ಮುಯ್ಯಿ ಓದಿಸುವುದು ಅಂತಲೇ ಮಾತಿದೆ: ಇಂಥವರದು ಇಷ್ಟು ಅಂತ ಎಲ್ಲರಿಗೂ ಕೇಳುವಂತೆ ಓದಿ, ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾಳೆ ಅವರ ಮನೆಯ ಮದುವೆಗೆ ಇದು ವಾಪಸ್ ಹೋಗಬೇಕು. ಹೊಲದ ಕೆಲಸಕ್ಕೆ ಮುಯ್ಯಾಳು ಹೋದ ಹಾಗೇ ಇದೂ. ಅಂದರೆ ಆ ನೂರಾ ಒಂದು ರೂಪಾಯಿ ಯಾರ ಕೈಯಿಂದ ಬಂತು, ಯಾಕೆ ಬಂತು ಅನ್ನುವುದು ಅಳಿಸಿಹೋಗುತ್ತಿರಲಿಲ್ಲ.

ಕಾರ್ಡಿನ ವಂಶದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಂಗ್ಲೆಂಡಿನ ಬುಕ್ ಟೋಕನ್. ಹೆರಾಲ್ಡ್ ರೇಮಂಡ್ ಅನ್ನುವ ಪ್ರಕಾಶಕರ ಯೋಚನೆ ಅದು, 1932ರಲ್ಲಿ ಜಾರಿಗೆ ಬಂತು. ಯಾವ ಪುಸ್ತಕ ಅವರ ಹತ್ತಿರ ಆಗಲೇ ಇದೆಯೋ ಅನ್ನುವ ಅನುಮಾನದಲ್ಲಿ ಜನ ಪುಸ್ತಕ ಕೊಡುವುದನ್ನೇ ಬಿಡುತ್ತಿದ್ದರು. ಟೋಕನ್ ಕೊಟ್ಟರೆ ಆಯ್ಕೆ ಓದುವವನದು. ಒಂದೇ ಅಂಗಡಿಗೆ ಕಟ್ಟಿಹಾಕಿದ್ದೂ ಅಲ್ಲ, ಯೋಜನೆಗೆ ಸೇರಿದ ಯಾವ ಪುಸ್ತಕದಂಗಡಿಯಲ್ಲಾದರೂ ನಡೆಯುತ್ತಿತ್ತು. ನೀನು ಓದುವವನು ಅಂತ ನನಗೆ ಗೊತ್ತು, ಅನ್ನುವ ಮಾತು ಆ ಕಾಗದದ ಒಳಗೇ ಇತ್ತು.

ಪ್ಲಾಸ್ಟಿಕ್ ಕಾರ್ಡ್ ಬಂದದ್ದು 1990ರ ದಶಕದಲ್ಲಿ, ಅಮೆರಿಕದ ದೊಡ್ಡ ಅಂಗಡಿಗಳಿಂದ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1993ರಲ್ಲಿ, ಜೋಯಲ್ ವಾಲ್ಡ್‌ಫೋಗೆಲ್ ಅನ್ನುವ ಅರ್ಥಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳನ್ನು ಕೇಳಿ ಒಂದು ಲೆಕ್ಕ ಹಾಕಿದ. ಬೇರೆಯವರು ಆರಿಸಿ ಕೊಟ್ಟ ವಸ್ತುವಿಗೆ ಪಡೆದವರು ಕಟ್ಟುವ ಬೆಲೆ, ಕೊಟ್ಟವರು ಖರ್ಚು ಮಾಡಿದ್ದಕ್ಕಿಂತ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಇರುತ್ತೆ ಅಂದ. ಹಾಗಾದರೆ ದುಡ್ಡೇ ಕೊಡಬಹುದಲ್ಲ? ಅದಕ್ಕೆ ಮನಸ್ಸು ಒಪ್ಪಲ್ಲ. ಈ ಎರಡರ ನಡುವಿನ ಸಂದಿಯಲ್ಲಿ ಕಾರ್ಡು ನುಸುಳಿಕೊಂಡಿತು.

ಅಂಗಡಿಯವರಿಗೆ ಇದು ಬೆಲ್ಲದಂಥ ವ್ಯಾಪಾರ. ದುಡ್ಡು ಇವತ್ತೇ ಬಂತು, ಸಾಮಾನು ಯಾವಾಗಲೋ ಕೊಟ್ಟರಾಯಿತು. ಎಷ್ಟೋ ಕಾರ್ಡುಗಳು ಮನೆಯ ಡ್ರಾಯರಿನಿಂದ ಹೊರಗೇ ಬರಲ್ಲ. ಹಾಗೆ ಉಳಿದ ದುಡ್ಡನ್ನು ಲೆಕ್ಕದಲ್ಲಿ 'ಬ್ರೇಕೇಜ್' ಅಂತ ಕರೆದು ಆದಾಯಕ್ಕೆ ಸೇರಿಸುತ್ತಾರೆ. ಅಮೆರಿಕದಲ್ಲಿ ಇದರ ಗಲಾಟೆ ಎಷ್ಟಾಯಿತು ಅಂದರೆ, ಐದು ವರ್ಷದ ಒಳಗೆ ಕಾರ್ಡಿನ ದುಡ್ಡು ಅವಧಿ ಮೀರಿಹೋಗಬಾರದು ಅಂತ 2009ರಲ್ಲಿ ಕಾನೂನೇ ಬಂತು. ನಮ್ಮಲ್ಲಿ ಬ್ಯಾಂಕು ಮತ್ತು ವ್ಯಾಲೆಟ್ ಕಂಪನಿಗಳು ಕೊಡುವ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ಹತ್ತು ಸಾವಿರದ ಮಿತಿ ಹಾಕಿದೆ, ಕಡಿಮೆ ಅಂದರೂ ಒಂದು ವರ್ಷ ನಡೆಯಬೇಕು ಅಂದಿದೆ. ತನ್ನದೇ ಅಂಗಡಿಯಲ್ಲಿ ಮಾತ್ರ ನಡೆಯುವ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ.

ನಾನು ಅಕ್ಕನಿಗೆ ಕಳಿಸಿದ್ದು ಈ ಕೊನೇ ಜಾತಿಯದು. ಅಕ್ಕನ ಊರಿನಿಂದ ಆ ಅಂಗಡಿಯ ಹತ್ತಿರದ ಶಾಖೆಗೆ ಹೋಗಬೇಕಾದರೆ ಎರಡು ಬಸ್ಸು ಬದಲಾಯಿಸಬೇಕು. ಅದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಮರುವರ್ಷ ಮಗನ ಮದುವೆ ಜವಳಿಗೆ ಹೋದಾಗ ಅವಳು ಕಾರ್ಡ್ ತೆಗೆದು ಕೊಟ್ಟಿದ್ದಾಳೆ. ಅವಧಿ ಮುಗಿದು ಆರು ವಾರ ಆಗಿತ್ತಂತೆ. ಹತ್ತು ಜನರ ಮುಂದೆ ಕೌಂಟರಿನ ಹುಡುಗ "ಇದು ಬರಲ್ಲ ಅಮ್ಮ" ಅಂದಿದ್ದಾನೆ. ಅಕ್ಕ ನನಗೆ ಹೇಳಲಿಲ್ಲ, ಅವಳ ಮಗಳು ಹೇಳಿದಳು.

ಫೋನ್ ಮಾಡಿದೆ. "ಹೋಗ್ಲಿ ಬಿಡೋ, ಗೌರಿ ಮುಂದೆ ಇಟ್ಟು ಪೂಜೆ ಮಾಡಿದ್ನಲ್ಲ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಲ್ಲಿ ಒಂದು ಸಾಲೂ ಬರೆದಿರಲಿಲ್ಲ ನೀನು" ಅಂದಳು.

ಕಾರ್ಡು ಮೇಲೋ ದುಡ್ಡು ಮೇಲೋ ಅಂತ ಯಾರಾದರೂ ಕೇಳಿದರೆ ಈಗ ನಾನು ಹೇಳುವುದಿಷ್ಟು. ಓದುವ ಹುಡುಗನಿಗೆ, ಅವನು ದಿನಾ ಸುತ್ತುವ ಪುಸ್ತಕದಂಗಡಿಯ ಕಾರ್ಡ್ ಕೊಡಿ, ಅದಕ್ಕಿಂತ ಒಳ್ಳೆಯದಿಲ್ಲ. ಅವನ ಬಗ್ಗೆ ನಿಮಗೆ ಗೊತ್ತಿರುವುದೇ ಅಲ್ಲಿ ಉಡುಗೊರೆ. ಅಷ್ಟು ಗೊತ್ತಿಲ್ಲದಿದ್ದರೆ ದುಡ್ಡೇ ವಾಸಿ. ಕಾರ್ಡೂ ಅಪ್ಪನ ಹಾಗೇ ದುಡ್ಡಿಗೆ ಗುರುತು ಹಾಕುತ್ತೆ ಅಂದುಕೊಂಡಿದ್ದೆ ನಾನು. ಆದರೆ ಅಪ್ಪ ಹಾಕಿದ ಗುರುತು ಅತ್ತೆಗೋಸ್ಕರ, ಕಾರ್ಡಿನ ಗುರುತು ಅಂಗಡಿಗೋಸ್ಕರ. ಅತ್ತೆ ತಮ್ಮ ದುಡ್ಡನ್ನು ಸುಗ್ಗಿ ಕಳೆದ ಮೇಲೂ ಖರ್ಚು ಮಾಡಬಹುದಿತ್ತು.

ಕಾಗದದ ಮನಿಯಾರ್ಡರ್ 2015ರಲ್ಲಿ ನಿಂತುಹೋಯಿತು. ಕಳೆದ ಗೌರಿ ಹಬ್ಬಕ್ಕೆ ನಾನು ಅಕ್ಕನ ಖಾತೆಗೆ ಎರಡು ಸಾವಿರದ ಒಂದು ರೂಪಾಯಿ ಹಾಕಿ, ಬೇರೆಯಾಗಿ ಒಂದು ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿದೆ. ನಮ್ಮನೆಯಲ್ಲಿ ಈಗ ಎಮ್ಮೆ ಇಲ್ಲ. ಬೆಂಗಳೂರಿನ ಮಳೆ ವಿಚಾರ ಬರೆದೆ.